ಕಿಮ್ಮತ್ತು ಇಳಿಯದ ವಾಚು

ಹಲ್ಲುಪುಡಿಯ ವಾಸನೆ ಮೂಗಿಗೆ ಬಡಿದರೆ ನಿಮಗೆ ಏನು ನೆನಪಾಗುತ್ತದೆಯೋ ಕಾಣೆ. ಹಿತ್ತಲ ಬಚ್ಚಲು, ತಾಮ್ರದ ತಂಬಿಗೆ, ಚಳಿಗಾಲದ ಬೆಳಗು, ಇಂಥದ್ದೇನೋ ಇರಬಹುದು. ನನಗೆ ಮಾತ್ರ ವಾಚು ನೆನಪಾಗುತ್ತದೆ. ಮೊನ್ನೆ ಗದಗಿನ ಪೇಟೆಯಲ್ಲಿ ಒಂದು ಅಂಗಡಿಯ ಮುಂದೆ ಆ ಗುಲಾಬಿ ಪುಡಿಯ ವಾಸನೆ ಬಂತು. ಕೂಡಲೇ ನನ್ನ ಬಲಗೈಯ ಹೆಬ್ಬೆರಳು ನನ್ನನ್ನು ಕೇಳದೆಯೇ ಎಡಗೈಯ ಮಣಿಕಟ್ಟನ್ನು ಗುಂಡಗೆ ತಿಕ್ಕತೊಡಗಿತು. ಪಕ್ಕದಲ್ಲಿದ್ದ ನನ್ನ ಹೆಂಡತಿ ಸುಶೀಲಾ ಅದನ್ನು ನೋಡಿ ಮುಖ ಆ ಕಡೆ ತಿರುಗಿಸಿದಳು. ನಗುವಾಗ ಆಕೆ ಮುಖ ತಿರುಗಿಸುತ್ತಾಳೆ. ನನ್ನ ಮೇಲಿನ ಮರ್ಯಾದೆಗಾಗಿ ಎಂದು ನಾನು ಭಾವಿಸಿಕೊಂಡಿದ್ದೇನೆ.

ಹಳೆಯ ವಾಚುಗಳ ಮೇಲಿನ ಗಾಜು ನಿಜವಾದ ಗಾಜಲ್ಲ, ಒಂದು ಬಗೆಯ ಪ್ಲಾಸ್ಟಿಕ್ಕು. ಅದರ ಮೇಲೆ ಗೀರು ಬಿದ್ದರೆ ಒದ್ದೆ ಬಟ್ಟೆಗೆ ಚಿಟಿಕೆ ಹಲ್ಲುಪುಡಿ ಹಚ್ಚಿ ಹತ್ತು ನಿಮಿಷ ಮೆಲ್ಲಗೆ ತಿಕ್ಕಬೇಕು. ಗೀರು ಮಾಯವಾಗುತ್ತದೆ. ಇದನ್ನು ನನಗೆ ಕಲಿಸಿದವರು ಲಕ್ಷ್ಮೇಶ್ವರದ ಭೀಮಣ್ಣ ಮಾಮಾ, ನನ್ನ ತಾಯಿಯ ತಮ್ಮ, ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರು. ಎಪ್ಪತ್ತರ ದಶಕದಲ್ಲಿ ನಮ್ಮ ಇಡೀ ಬಳಗದಲ್ಲಿ ಹಲ್ಲಿಗಿಂತ ವಾಚಿಗೇ ಹೆಚ್ಚು ಹಲ್ಲುಪುಡಿ ಖರ್ಚು ಮಾಡಿದ ಮನುಷ್ಯ ಅವರೊಬ್ಬರೇ.

ನಾನಾದರೋ ಗಡಿಯಾರವೇ ಇಲ್ಲದ ಮನೆಯಲ್ಲಿ ಬೆಳೆದವನು. ನಮ್ಮಪ್ಪ ಹನುಮಪ್ಪನ ಗುಡಿಯ ಪೂಜಾರಿ. ದೀಪದ ಕಂಬದ ನೆರಳು ಮೂರನೆಯ ಮೆಟ್ಟಿಲಿಗೆ ಬಂದರೆ ನೈವೇದ್ಯ, ಬಾವಿಯ ಕಟ್ಟೆಗೆ ತಾಗಿದರೆ ನಮಗೆ ಊಟ. ಮೋಡ ಕವಿದ ದಿನ ಹನುಮಪ್ಪನೂ ನಾವೂ ಒಟ್ಟಿಗೆ ಹಸಿದು ಕೂಡುತ್ತಿದ್ದೆವು. ವಾಚಿನ ಆಸೆಯಾದರೆ ಮಣಿಕಟ್ಟನ್ನು ಹಲ್ಲಿನಿಂದ ಗಟ್ಟಿಯಾಗಿ ಕಚ್ಚಿಕೊಳ್ಳುತ್ತಿದ್ದೆ. ದುಂಡನೆಯ ಗುರುತು ಮೂಡುತ್ತಿತ್ತು. ಅದರೊಳಗೆ ಮಸಿಯಿಂದ ಎರಡು ಮುಳ್ಳು ಬರೆದುಕೊಂಡರೆ ಮುಗಿಯಿತು. ನನ್ನ ಆ ವಾಚಿನಲ್ಲಿ ಯಾವಾಗಲೂ ಹತ್ತೂ ಹತ್ತು. ಅರ್ಧ ತಾಸಿಗೆ ವಾಚೇ ಅಳಿಸಿಹೋಗುತ್ತಿದ್ದುದರಿಂದ ತಪ್ಪು ಸಮಯ ತೋರಿಸಿದ ಅಪವಾದ ಅದಕ್ಕೆಂದೂ ಬರಲಿಲ್ಲ.

ಬೆಟಗೇರಿಯ ಶಾಲೆಯೊಂದರಲ್ಲಿ ಗಣಿತದ ಮಾಸ್ತರನಾಗಿ, ಮದುವೆಯೂ ಆಗಿ, ಬಾಡಿಗೆ ಮನೆ ಹಿಡಿದ ಮೇಲೆಯೂ ನನ್ನ ಕೈ ಬರಿದಾಗಿಯೇ ಇತ್ತು. ಗಿರಣಿಯ ಭೋಂಗಾ ಕೂಗಿದಾಗ ಎದ್ದು, ಎದುರುಮನೆಯ ಮಗ್ಗದ ಸದ್ದು ನಿಂತಾಗ ಉಂಡು, ಹೇಗೋ ಬದುಕು ಸಾಗಿತ್ತು. ಕಡೆಗೊಮ್ಮೆ ಹೊಸ ವಾಚು ಕೊಳ್ಳಬೇಕೆಂದು ಮನಸ್ಸು ಮಾಡಿದೆ. ಆ ಸುದ್ದಿ ಲಕ್ಷ್ಮೇಶ್ವರಕ್ಕೆ ಹೋದದ್ದೇ ತಡ, ಮಾಮಾ ಮುಂದಿನ ಬಸ್ಸಿಗೇ ಬಂದಿಳಿದರು.

"ಲೇ ವೆಂಕ್ಯಾ, ಹೊಸಾ ವಾಚ್ ತಗೋತಿ ಅಂತ? ನಿನಗ ಬುದ್ಧಿ ಐತಿಲ್ಲೋ?" ಎಂದು ಹೊಸ್ತಿಲಲ್ಲೇ ಶುರುಮಾಡಿದರು. "ಹೊಸಾ ವಾಚ್ ಅಂಗಡಿ ಮೆಟ್ಟಲಾ ಇಳಿಯೂದ್ರಾಗ ಅರ್ಧಾ ಕಿಮ್ಮತ್ತ ಕಳಕೊಂಡಿರತೈತಿ. ಹಳೀ ಸ್ವಿಸ್ ವಾಚ್ ನೋಡು, ಅದು ಕಳಕೊಳ್ಳೂದೆಲ್ಲಾ ಆಗಲೇ ಕಳಕೊಂಡು ಕುಂತಿರತೈತಿ. ಇನ್ನ ಇಳಿಯಾಕ ಜಾಗಾನ ಇಲ್ಲ. ಹತ್ತ ವರ್ಷ ಕೈಗೆ ಕಟ್ಟಿ ಮಜಾ ಮಾಡು. ಬ್ಯಾಡಾತು? ಮಾರು. ಹಾಕಿದ ರೊಕ್ಕ ಹಂಗ ವಾಪಸ್. ಮಜಾ ಪುಕ್ಕಟೆ!"

ಸುಶೀಲಾ ಚಹಾ ತಂದಿಟ್ಟವಳು ಇದನ್ನೆಲ್ಲ ನಿಂತು ಕೇಳಿದಳು. ಕೇಳುವುದಕ್ಕೆ ಆಕೆಗೆ ಕಾರಣವಿತ್ತು. ಮನೆಯಲ್ಲಿ ಇದ್ದ ಚೂರುಪಾರು ಉಳಿತಾಯ ಹೊಲಿಗೆ ಮಶಿನ್ನಿಗೆಂದು ತೆಗೆದಿಟ್ಟದ್ದು. ಓಣಿಯ ಹೆಂಗಸರ ಕುಬಸಗಳನ್ನು ಆಕೆ ಕೈಸೂಜಿಯಲ್ಲೇ ಹೊಲಿದುಕೊಡುತ್ತಿದ್ದಳು. ಮಶಿನ್ ಬಂದರೆ ಅಂಗಿ, ಪರಕಾರ ಎಲ್ಲ ಹೊಲಿಯಬಹುದು ಎಂಬುದು ಆಕೆಯ ಲೆಕ್ಕ.

"ಮಾಮಾ ಹೇಳಿದ್ದು ಕೇಳಿದ್ಯಲ್ಲ?" ಎಂದೆ ನಾನು, ಮಾಮಾ ಹೋದ ಮೇಲೆ. "ವಾಚ್ ತಗೊಂಡ್ರ ಮಶಿನ್ ರೊಕ್ಕ ಎಲ್ಲೂ ಹೋಗಂಗಿಲ್ಲ. ಪೆಟ್ಟಿಗ್ಯಾಗ ಇರೂ ಬದಲಿ ನನ್ನ ಕೈಯಾಗ ಇರತೈತಿ, ಅಷ್ಟ. ನೀ ಯಾವಾಗ ಬೇಕಂತೀ, ಆವಾಗ ಮಾರಿಬಿಡೂಣು."

"ಯಾವಾಗ ಬೇಕಂತೀನಿ ಆವಾಗ?" ಎಂದು ಆಕೆ ಒಂದೊಂದೇ ಶಬ್ದ ಎಣಿಸುವವಳಂತೆ ಕೇಳಿದಳು.

"ಆವಾಗ," ಎಂದು ನಾನು ಮಾತು ಕೊಟ್ಟೆ. ಕೊಡುವಾಗ ಅದು ಪೂರಾ ಪ್ರಾಮಾಣಿಕವಾಗಿಯೇ ಇತ್ತು.

ಮುಂದಿನ ರವಿವಾರ ಮಾಮಾ ನನ್ನನ್ನು ಶಿರಹಟ್ಟಿಗೆ ಕರೆದುಕೊಂಡು ಹೋದರು. ಅಲ್ಲಿ ನಿವೃತ್ತ ಪೋಸ್ಟ್ ಮಾಸ್ತರರೊಬ್ಬರ ಹತ್ತಿರ ಬಲು ಹಳೆಯ ಸ್ವಿಸ್ ವಾಚು ಇತ್ತಂತೆ. ಬಸ್ಸಿನಲ್ಲಿ ಮಾಮಾ ತಮ್ಮ ವಿದ್ಯೆಯನ್ನೆಲ್ಲ ಧಾರೆ ಎರೆದರು. ಮುಖದ ಮೇಲೆ ಹೊಸ ಬಣ್ಣ ಹೊಡೆದಿರಬಾರದು. ಒಳಗೆ ಕಂಡಕಂಡವರು ಬಿಚ್ಚಿದ ಗೀರು ಇರಬಾರದು. ಎಲ್ಲಕ್ಕಿಂತ ದೊಡ್ಡ ಮಾತು, ವಾಚು ಕೊಡುತ್ತೀರಾ ಎಂದು ಎಂದೂ ಕೇಳಬಾರದು. "ಟೈಮ್ ಕೇಳಬೇಕಲೇ, ಬರೇ ಟೈಮ್!" ಎಂದು ಹೇಳಿ, ಬಸ್ಸು ಇಳಿಯುವ ಮುನ್ನ ತಮ್ಮ ಕೈಗಡಿಯಾರದ ಮುಳ್ಳನ್ನು ಐದು ನಿಮಿಷ ಮುಂದಕ್ಕೆ ತಿರುಗಿಸಿಕೊಂಡರು. ಏಕೆಂದು ನನಗೆ ತಿಳಿಯಲಿಲ್ಲ.

ಪೋಸ್ಟ್ ಮಾಸ್ತರರ ಪಡಸಾಲೆಯಲ್ಲಿ ಎರಡು ತಾಸು ಕುಳಿತೆವು. ಅವರ ಮೊಣಕಾಲು ನೋವು, ಬೇವಿನ ಗಿಡಕ್ಕೆ ಹತ್ತಿದ ಗೆದ್ದಲು, ಮೊಮ್ಮಗಳ ಹಾಡು, ಎಲ್ಲ ಆಯಿತು. ಮೂರು ಸಲ ಚಹಾ ಆಯಿತು. ವಾಚಿನ ಸುದ್ದಿಯೇ ಇಲ್ಲ. ಕಡೆಗೆ ಮಾಮಾ ಎದ್ದು ನಿಂತು, ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟು, ಆಗ ತಾನೇ ನೆನಪಾದವರಂತೆ ಕೇಳಿದರು:

"ಅಂದ್ಹಂಗ, ಟೈಮ್ ಎಷ್ಟಾತ್ರಿ?"

ಮುದುಕರು ತೋಳು ಸರಿಸಿ, ಕಣ್ಣು ಕಿರಿದು ಮಾಡಿ ನೋಡಿದರು. "ಹನ್ನೆರಡೂವರಿ."

ಮಾಮಾ ತಮ್ಮ ಕೈ ನೋಡಿಕೊಂಡು ಸತ್ತವರ ಮನೆಯಲ್ಲಿ ಮಾಡುವಂಥ ಮುಖ ಮಾಡಿದರು. "ಅಯ್ಯ, ಐದು ನಿಮಿಷ ಹಿಂದ ಬಿದ್ದೈತಲ್ರಿ. ಪಾಪ, ವಯಸ್ಸಾತು ಅದಕ್ಕ."

ಪೋಸ್ಟ್ ಮಾಸ್ತರರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಭೀಮಣ್ಣ ಮಾಸ್ತರ, ಇದು ಮೂರನೇ ಸಲ ನೀವು ಮುಳ್ಳ ಮುಂದ ತಿರುವಿಕೊಂಡು ಬಂದದ್ದು. ಹೋದ ಸಲ ಏಳು ನಿಮಿಷ ಮಾಡಿದ್ರಿ. ಕುಂಡ್ರಿ."

ನಾವು ಕುಳಿತೆವು. ಮಾಮಾ ನೆಲ ನೋಡುತ್ತಿದ್ದರು. ನನಗೆ ನಗು ತಡೆಯಲಾಗದೆ ಚಹದ ಬಸಿಯನ್ನು ಮುಖಕ್ಕೆ ಅಡ್ಡ ಹಿಡಿದೆ. ಮುದುಕರು ಮಾಮಾನನ್ನು ಬಿಟ್ಟು ನನ್ನ ಕಡೆ ತಿರುಗಿದರು. "ನಿಮಗ ಬೇಕಾಗಿತ್ತೇನು? ನನಗ ಮುಳ್ಳ ಕಾಣವಲ್ಲವು. ಬೆಳಕಿಗೆ ಹಿಡದು ಅಂದಾಜ ಹೇಳತೀನಿ. ಇವರಿಗೆ ಕೊಟ್ರ ಟ್ರಂಕಿನ್ಯಾಗ ಇಡತಾರ. ನೀವು ದಿನಾ ಚಾವಿ ಕೊಡತೀರೇನು?"

"ಕೊಡತೀನ್ರಿ," ಎಂದೆ.

"ಮುಂಜಾನೆ ಎದ್ದ ಕೂಡಲೇ. ಚಹಾಕ್ಕಿಂತ ಮೊದಲ."

"ಆತ್ರಿ."

ಮಶಿನ್ನಿಗೆಂದಿದ್ದ ರೊಕ್ಕ ಎಣಿಸಿಕೊಟ್ಟೆ, ಹಾಗೆ ಆ ವಾಚು ನನ್ನದಾಯಿತು. ಹಾಲು ಹೆಚ್ಚಾದ ಚಹದ ಬಣ್ಣದ ಮುಖ, ನೀಲಿ ಮುಳ್ಳುಗಳು, ಆರರ ಜಾಗದಲ್ಲಿ ಕಡಲೆಕಾಳಿನಷ್ಟು ಇನ್ನೊಂದು ಪುಟ್ಟ ಗಡಿಯಾರ, ಅದರಲ್ಲಿ ಸೆಕೆಂಡಿನ ಮುಳ್ಳು ಇರುವೆಯ ಕಾಲಿನಂತೆ ಓಡುತ್ತಿತ್ತು. ಬಸ್ಸಿನಲ್ಲಿ ಮಾಮಾ ಅದನ್ನು ಇಸಿದುಕೊಂಡು ಕಿವಿಗೆ ಹಿಡಿದರು. ಕಣ್ಣು ಮುಚ್ಚಿದರು. ಅರ್ಧ ದಾರಿ ಮುಗಿಯುವತನಕ ತೆಗೆಯಲೇ ಇಲ್ಲ. ಅದೊಂದು ಸೂಚನೆ ಎಂದು ಆಗ ನನಗೆ ಹೊಳೆಯಲಿಲ್ಲ.

ಇನ್ನು ನನ್ನ ವೈಭವದ ದಿನಗಳ ಮಾತು. ತುಂಬುತೋಳಿನ ಅಂಗಿಯ ಎಡತೋಳನ್ನು ಮಾತ್ರ ಮಡಚುವುದು ರೂಢಿಯಾಯಿತು. ಬಲಗೈಯವನಾದ ನಾನು ಬೋರ್ಡಿನ ಮೇಲೆ ಎಡಗೈಯಿಂದ ವೃತ್ತ ಬರೆಯಲು ಹೋಗಿ ಬದನೆಕಾಯಿ ಬರೆದೆ. ಮಕ್ಕಳಿಗೆ ನನ್ನ ರೋಗ ಎರಡೇ ದಿನದಲ್ಲಿ ತಿಳಿಯಿತು. ಕಠಿಣ ಲೆಕ್ಕ ಹಾಕಿದೊಡನೆ ಹಿಂದಿನ ಬೆಂಚಿನಿಂದ ಒಬ್ಬ ಎದ್ದು, "ಸರ್, ಟೈಮ್ ಎಷ್ಟಾತ್ರಿ?" ಎನ್ನುವನು. ನಾನು ಕೈ ಎತ್ತಿ, ತೋಳು ಸರಿಸಿ, ಗಂಟೆ, ನಿಮಿಷ, ಸೆಕೆಂಡು ಎಲ್ಲ ಹೇಳಿ, ಸ್ವಿಜರ್ಲೆಂಡಿನ ಬೆಟ್ಟಗಳ ಬಗ್ಗೆ ಎರಡು ಮಾತಾಡುವುದರೊಳಗೆ ಗಂಟೆ ಬಾರಿಸಿರುತ್ತಿತ್ತು. ಆ ವರ್ಷ ನನ್ನ ವರ್ಗದವರು ಗಣಿತದಲ್ಲಿ ಹಿಂದೆ ಬಿದ್ದು ಭೂಗೋಳದಲ್ಲಿ ಮುಂದೆ ಬಂದರು.

ಶಾಲೆಯ ಗೋಡೆ ಗಡಿಯಾರ ಕೆಟ್ಟಾಗ ಹೆಡ್ ಮಾಸ್ತರರು ನನ್ನ ವಾಚನ್ನೇ ನಂಬಿ ಗಂಟೆ ಬಾರಿಸತೊಡಗಿದರು. ಬೇಸಿಗೆಯಲ್ಲಿ ಅದು ದಿನಕ್ಕೆ ಏಳೆಂಟು ನಿಮಿಷ ಮುಂದೆ ಓಡುತ್ತದೆಂಬ ಮಾತನ್ನು ಮಾನಕ್ಕೆ ಅಂಜಿ ನಾನು ಯಾರಿಗೂ ಹೇಳಿರಲಿಲ್ಲ. ಸರಿಮಾಡಿಕೊಳ್ಳಲು ಮರೆತ ಒಂದು ವಾರದ ಕೊನೆಗೆ ಇಡೀ ಶಾಲೆ ಮುಕ್ಕಾಲು ತಾಸು ಮೊದಲೇ ಬಿಟ್ಟಿತು. ನನ್ನ ವೃತ್ತಿಜೀವನದಲ್ಲಿ ಮಕ್ಕಳು ನನ್ನನ್ನು ಅಷ್ಟೊಂದು ಪ್ರೀತಿಸಿದ ದಿನ ಇನ್ನೊಂದಿಲ್ಲ.

ಕುರ್ತಕೋಟಿಯ ಮದುವೆಯೊಂದರಲ್ಲಿ ಸಾರಿನ ಹಬೆ ವಾಚಿಗೆ ತಾಗೀತೆಂದು ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಉಂಡೆ. ಬಡಿಸುವವರು ನನಗೆ ಏನೋ ಪೆಟ್ಟಾಗಿದೆಯೆಂದು ಕನಿಕರದಿಂದ ಎರಡು ಹೋಳಿಗೆ ಹೆಚ್ಚು ಹಾಕಿದರು. ನಾನು ಬೇಡವೆನ್ನಲಿಲ್ಲ.

ಸುಶೀಲಾ ಇದನ್ನೆಲ್ಲ ನೋಡುತ್ತಿದ್ದಳು. ವರ್ಷ ಕಳೆದ ಮೇಲೆ ಒಂದು ದಿನ ಸೂಜಿಗೆ ದಾರ ಪೋಣಿಸುತ್ತ ಕೇಳಿದಳು: "ಇನ್ನ ಮಾರೂಣೇನ್ರಿ?"

"ಈಗ ಕಿಮ್ಮತ್ತ ಸ್ವಲ್ಪ ಇಳದೈತಂತ," ಎಂದೆ. "ಇಂಥಾದ್ರಾಗ ಯಾರರ ಮಾರತಾರೇನು?"

ಮತ್ತೊಂದು ವರ್ಷಕ್ಕೆ ಮತ್ತೆ ಕೇಳಿದಳು.

"ಈಗ ಏರಾಕತ್ತೈತಿ," ಎಂದೆ. "ಏರೂ ಮಾಲು ಮಾರಬಾರದು. ಇನ್ನೂ ಏರಲಿ."

ಆಕೆ ದಾರವನ್ನು ಹಲ್ಲಿನಿಂದ ಕಡಿದಳು. "ಇಳದ್ರ ಮಾರಂಗಿಲ್ಲ. ಏರಿದ್ರನೂ ಮಾರಂಗಿಲ್ಲ. ಹಂಗಾದ್ರ ಇದಕ್ಕ ಕಿಮ್ಮತ್ತ ಐತಿ ಅಂತ ಗೊತ್ತಾಗೂದ ಯಾವಾಗ್ರಿ?"

ಗಣಿತದ ಮಾಸ್ತರನಾದ ನಾನು ವಾಚು ನೋಡಿಕೊಂಡು, "ಅಯ್ಯ, ಹೊತ್ತಾತು," ಎಂದು ಎದ್ದೆ. ವಾಚಿನ ದೊಡ್ಡ ಉಪಯೋಗವೇ ಅದು.

ಆ ಶ್ರಾವಣದಲ್ಲಿ ಪಂಚಮಿಗೆ ಸುಶೀಲಾ ಮುಂಡರಗಿಯ ತವರಿಗೆ ಹೊರಟಳು. ಮೊದಲು ಲಕ್ಷ್ಮೇಶ್ವರಕ್ಕೆ ಹೋಗಿ ಮಾಮಾನ ಹೆಂಡತಿ ಅಂಬಕ್ಕತ್ತೆಗೆ ಹಬ್ಬದ ಉಂಡೆ ಕೊಟ್ಟು, ಅಲ್ಲಿಂದ ತವರಿಗೆ ಎಂದು ಏರ್ಪಾಟು. ಹೊರಡುವಾಗ ತಾನಾಗಿಯೇ ಹೇಳಿದಳು: "ವಾಚಿಗೆ ಎಣ್ಣಿ ಹಾಕಸಬೇಕು ಅಂತಿದ್ರೆಲ್ಲ, ಕೊಡ್ರಿ. ಬಸ್ ಸ್ಟ್ಯಾಂಡಿಗೆ ಹೋಗೂ ದಾರ್ಯಾಗ ಹುಸೇನಸಾಹೇಬ್ರ ಅಂಗಡ್ಯಾಗ ಕೊಟ್ಟು ಹೋಗತೀನಿ."

ಎಂಥ ಹೆಂಡತಿ ಎಂದು ನನ್ನ ಕಣ್ಣು ತುಂಬಿ ಬಂತು. ಬಿಚ್ಚಿ ಕೊಟ್ಟೆ.

ಹತ್ತು ದಿನ ಬರಿಗೈಯಲ್ಲಿ ಕಳೆದು, ಹನ್ನೊಂದನೆಯ ದಿನ ಹುಸೇನಸಾಹೇಬರ ಅಂಗಡಿಗೆ ಹೋದೆ. ಅವರು ಒಂದು ಕಣ್ಣಿನ ಭೂತಗನ್ನಡಿ ತೆಗೆಯದೆಯೇ ತಲೆ ಎತ್ತಿದರು.

"ವಾಚ್ ಇಲ್ಲೆ ಎಲ್ಲೈತ್ರಿ ಮಾಸ್ತರ? ನಿಮ್ಮ ಮನೀ ಬಾಯಾರು ಬಂದಿದ್ರು, ಖರೆ. ಇದರ ಒಳಗಿನ ಮಶಿನ್ ಹೆಂಗೈತಿ, ಮುಖ ಅಸಲಿ ಐತೇನು, ಕಿಮ್ಮತ್ತ ಏನು ಬರತೈತಿ ಅಂತ ಕೇಳಿದ್ರು. ನಾ ಎಲ್ಲಾ ಹೇಳಿದೆ. ಭಾಳ ಶ್ಯಾಣ್ಯಾರ ಅದಾರ್ರಿ ಬಾಯಾರು. ತಗೊಂಡು ಹೋದ್ರು."

ಮರುದಿನ ಶಾಲೆಗೆ ರಜೆ ಹಾಕಿ ಮುಂಡರಗಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಎಷ್ಟು ಹೊತ್ತಾಯಿತೆಂದು ಮಣಿಕಟ್ಟು ನೋಡಿಕೊಳ್ಳುವುದು, ಅಲ್ಲಿ ಬರೀ ರೋಮ ಕಾಣುವುದು. ಮಾವನವರ ಮನೆಯ ಅಂಗಳಕ್ಕೆ ಕಾಲಿಡುವಾಗಲೇ ಒಳಗಿನಿಂದ ಕಟಕಟ ಸದ್ದು ಕೇಳಿಸಿತು. ಪಡಸಾಲೆಯಲ್ಲಿ ಕಪ್ಪಗೆ ಮಿನುಗುವ ಹೊಲಿಗೆ ಮಶಿನ್. ಅದರ ಹಿಂದೆ ಸುಶೀಲಾ. ಕಾಲು ಪೆಡಲಿನ ಮೇಲಿಂದ ಇಳಿಯಲಿಲ್ಲ.

"ಬರ್ರಿ," ಎಂದಳು. "ಎಷ್ಟೊತ್ತಿನ ಬಸ್ಸಿಗೆ ಬಂದ್ರಿ?"

ಬೇಕಂತಲೇ ಕೇಳಿದ್ದು. ನಾನು ಕಂಬಕ್ಕೊರಗಿ ಕುಳಿತೆ. "ಯಾರಿಗೆ ಕೊಟ್ಟಿ?" ಎಂದಷ್ಟೇ ಕೇಳಲಾಯಿತು.

"ನಿಮ್ಮ ಮಾಮಾಗ," ಎಂದಳು. "ಉಂಡಿ ಕೊಡಾಕ ಹೋಗಿದ್ನೆಲ್ಲ. ಅತ್ತಿ ಒಳಗಿದ್ರು. ನಾ ಕಟ್ಟಿ ಮ್ಯಾಲೆ ಕುಂತು ಮಾಮಾರ ಜೋಡಿ ಎರಡು ತಾಸ ಮಾತಾಡಿದೆ. ಅವರ ಬಿಪಿ, ಅವರ ಪಿಂಚಣಿ ಕಾಗದಾ, ಎಲ್ಲಾ ಕೇಳಿದೆ. ವಾಚಿನ ಸುದ್ದಿ ತಗೀಲೇ ಇಲ್ಲ. ಎದ್ದು ನಿಂತು ಹೊಂಟಾಗ, ಬಸ್ಸಿಗೆ ಹೊತ್ತಾತೇನೋ ಅಂತ ಚೀಲದಾಗಿಂದ ತಗದು ಟೈಮ್ ನೋಡಿದೆ, ಅಷ್ಟ."

"ಮಾಮಾ ಏನಂದ್ರು?"

"ಇಸಗೊಂಡು ಕಿವಿಗೆ ಹಿಡಕೊಂಡ್ರು. ಆಮ್ಯಾಲೆ ವಾಪಸ್ ಕೊಡಲೇ ಇಲ್ಲ. ನೀವು ಕೊಟ್ಟದ್ದಕ್ಕಿಂತ ಹೆಚ್ಚಿಗೆ ಕೊಟ್ರು. ನಿಮ್ಮ ಮಾತ ಖರೆ ಆತು ನೋಡ್ರಿ, ಕಿಮ್ಮತ್ತ ಇಳಿದಿಲ್ಲ." ಮಶಿನ್ನಿನ ಗಾಲಿಯನ್ನು ಕೈಯಿಂದ ನಿಲ್ಲಿಸಿ, ಮೆಲ್ಲಗೆ ಹೇಳಿದಳು: "ನೀವು ಮಾತ ಕೊಟ್ಟಿದ್ರಿ. ಯಾವಾಗ ಬೇಕಂತೀನಿ ಆವಾಗ ಅಂತ."

ಆಗ ಆಕೆಯ ಎಡಗೈಯ ತೋರುಬೆರಳು ಕಣ್ಣಿಗೆ ಬಿತ್ತು. ತುದಿಯ ಚರ್ಮ ಸೂಜಿ ಚುಚ್ಚಿ ಚುಚ್ಚಿ ಜರಡಿಯಂತೆ ತೂತುತೂತಾಗಿ ಗಡಸಾಗಿತ್ತು. ಎರಡು ವರ್ಷ ದಿನಕ್ಕೆ ನೂರು ಸಲ ನನ್ನ ಕೈ ನಾನೇ ನೋಡಿಕೊಂಡವನು, ಪಕ್ಕದಲ್ಲೇ ಇದ್ದ ಆ ಕೈಯನ್ನು ಒಮ್ಮೆಯೂ ನೋಡಿರಲಿಲ್ಲ. "ಮಶಿನ್ ಚಲೋ ಐತಿ," ಎಂದೆ. ಆಕೆ ಮುಖ ಆ ಕಡೆ ತಿರುಗಿಸಿದಳು.

ಹೆಂಡತಿಯ ಮೇಲೆ ಸಿಟ್ಟು ಮಾಡಲಾಗಲಿಲ್ಲವೆಂದರೆ ಸಿಟ್ಟು ಇರಲಿಲ್ಲವೆಂದಲ್ಲ. ಅದೆಲ್ಲ ಮಾಮಾನ ಕಡೆ ತಿರುಗಿತು. ಅಳಿಯನ ವಾಚೆಂದು ಗೊತ್ತಿದ್ದೂ ಒಂದು ಮಾತು ಹೇಳಿಕಳಿಸದೆ ನುಂಗಿದರಲ್ಲ! ಮುಂದಿನ ರವಿವಾರ ಲಕ್ಷ್ಮೇಶ್ವರಕ್ಕೆ ಹೋದೆ. ಮಾಮಾ ಕಟ್ಟೆಯ ಮೇಲೆ ಕುಳಿತಿದ್ದರು. ಶ್ರಾವಣದ ಧಗೆಯಲ್ಲಿ ತುಂಬುತೋಳಿನ ಅಂಗಿ, ಗುಂಡಿ ಬೇರೆ ಹಾಕಿತ್ತು.

"ಮಾಮಾ, ಟೈಮ್ ಎಷ್ಟಾತು?" ಎಂದೆ.

"ವಾಚ್ ಒಳಗ ಐತಿ," ಎಂದರು, ಗಿಡ ನೋಡುತ್ತ.

"ತೋಳಿನ ಒಳಗೇನು?"

ಮಾಮಾ ಆ ಕಡೆ ಈ ಕಡೆ ನೋಡಿ ಧ್ವನಿ ಇಳಿಸಿದರು. "ಲೇ ವೆಂಕ್ಯಾ, ಹಳು ಮಾತಾಡು. ನಿಮ್ಮತ್ತಿ ಕೇಳಸ್ಕೋತಾಳ." ಆಗ ನನಗೆ ನೆನಪಾಯಿತು. ಮಾಮಾನ ಟ್ರಂಕು ತುಂಬಿ ವಾಚುಗಳು ಅಕ್ಕಿಯ ಡಬ್ಬಿಗೂ ಇಳಿದಾಗ ಅಂಬಕ್ಕತ್ತೆ ಸಿಟ್ಟಿಗೆದ್ದು, ಇನ್ನೊಂದು ವಾಚು ಕೊಳ್ಳುವುದಿಲ್ಲವೆಂದು ದೇವರ ಮುಂದೆ ನಿಲ್ಲಿಸಿ ಅವರಿಂದ ಆಣೆ ಮಾಡಿಸಿದ್ದರು.

"ಹಂಗಾದ್ರ ನನಗ ವಾಪಸ್ ಕೊಡು ಮಾಮಾ. ಸ್ವಲ್ಪ ಸ್ವಲ್ಪ ಕೂಡಿಸಿ ನಿನ್ನ ರೊಕ್ಕ ಮುಟ್ಟಸ್ತೀನಿ."

"ಅದೊಂದು ಬಿಟ್ಟು ಬ್ಯಾರೇ ಏನರ ಕೇಳು," ಎಂದರು ಮಾಮಾ. ಅವರ ಕಣ್ಣಲ್ಲಿ ನೀರಾಡಿದಂತೆ ಕಂಡಿತು. "ಶಿರಹಟ್ಟಿಗೆ ಮೂರು ಸಲ ಹೋಗಿ ಅವಮಾನ ಆಗಿ ಬಂದೀನಿ. ನಾ ಕೊಡಂಗಿಲ್ಲ."

ಇನ್ನೊಬ್ಬನಾಗಿದ್ದರೆ ಕರಗುತ್ತಿದ್ದ. ನಾನು ಅಡಿಗೆಮನೆಯ ಕಡೆ ಮುಖ ಮಾಡಿ ಗಟ್ಟಿಯಾಗಿ ಕೂಗಿದೆ: "ಅತ್ತೀ, ಹೊರಗ ಬರ್ರಿ ಸ್ವಲ್ಪ! ಮಾಮಾನ ತೋಳಿನ್ಯಾಗ ಏನೋ ಟಿಕ್ ಟಿಕ್ ಅನ್ನಾಕತ್ತೈತಿ!"

ಅಂಬಕ್ಕತ್ತೆ ಲಟ್ಟಣಿಗೆ ಹಿಡಿದೇ ಬಂದರು. ಮಾಮಾನ ಗುಂಡಿ ಬಿಚ್ಚಿ ತೋಳು ಸರಿಸಿದರು. ನೀಲಿ ಮುಳ್ಳಿನ ನನ್ನ ವಾಚು ಬಿಸಿಲಿಗೆ ಫಳಕ್ಕೆಂದಿತು.

"ಇದ್ಯಾವುದ್ರಿ?"

ಮಾಮಾನ ಬಾಯಿ ಎರಡು ಸಲ ತೆರೆದು ಮುಚ್ಚಿತು. ಮೂರನೆಯ ಸಲ ಮಾತು ಹೊರಬಿತ್ತು. "ಅದು... ನನಗಲ್ಲ. ಸುಶೀಲಾಗ. ಪಂಚಮಿಗೆ ಬಂದ ಹೆಣ್ಮಗಳನ್ನ ಬರಿಗೈಲೇ ಕಳಿಸಿದ್ವೆಲ್ಲ. ಅದಕ್ಕ ಆಕಿಗೆ ಉಡುಗೊರಿ ಅಂತ ತಂದೀನಿ. ವೆಂಕ್ಯಾಗ ಅದನ್ನ ಹೇಳಾಕತ್ತಿದ್ದೆ."

ಅತ್ತೆಯ ಮುಖ ಅರಳಿತು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಗಂಡನಿಗೆ ಇಂಥ ಬುದ್ಧಿ ಬಂದದ್ದನ್ನು ಅವರು ನೋಡಿಯೇ ಇರಲಿಲ್ಲ. "ಹೌದೇನ್ರಿ? ಹಂಗಾದ್ರ ಇವನ ಕೈಯಾಗ ಯಾಕ ಕೊಡೂದು? ನಾವ ಹೋಗಿ ಆರತಿ ಮಾಡಿ ಕೊಟ್ಟು ಬರೂಣು, ನಡೀರಿ."

ನಾನು ಒಳಗೊಳಗೇ ಕುಣಿದೆ. ವಾಚು ಮನೆಗೆ ಬರುತ್ತಿದೆ! ಅದೂ ಪುಕ್ಕಟೆ! ಮಶಿನ್ನೂ ನಮ್ಮದೇ, ವಾಚೂ ನಮ್ಮದೇ! ಮಾಮಾ ನನ್ನ ಕಡೆ ನೋಡಿದ ನೋಟವನ್ನು ನಾನು ಬರೆಯಲಾರೆ. ಡ್ರಾಯಿಂಗ್ ಮಾಸ್ತರರಾದ ಅವರೂ ಅದನ್ನು ಚಿತ್ರಿಸಲಾರರು.

ಸುಶೀಲಾ ಬೆಟಗೇರಿಗೆ ಮರಳಿದ ವಾರ ಇಬ್ಬರೂ ಬಂದರು. ಅತ್ತೆ ಆಕೆಯನ್ನು ಮಣೆಯ ಮೇಲೆ ಕೂಡಿಸಿ, ಕುಂಕುಮ ಹಚ್ಚಿ, ಓಣಿಯ ನಾಲ್ಕು ಮುತ್ತೈದೆಯರ ಎದುರಿಗೆ ವಾಚನ್ನು ತಾವೇ ಆಕೆಯ ಕೈಗೆ ಕಟ್ಟಿದರು. ಸುಶೀಲಾ ಒಮ್ಮೆ ಮಾಮಾನನ್ನು, ಒಮ್ಮೆ ನನ್ನನ್ನು ನೋಡಿದಳು. ಆಕೆಗೆ ಎಲ್ಲ ಅರ್ಥವಾಯಿತೆಂದು ನನಗೆ ಅರ್ಥವಾಯಿತು. ಬಾಗಿ ಇಬ್ಬರ ಕಾಲಿಗೂ ನಮಸ್ಕಾರ ಮಾಡಿದಳು. ಮಾಮಾ ಆಶೀರ್ವಾದ ಮಾಡುವಾಗ ಕೈಯನ್ನು ಆಕೆಯ ತಲೆಯ ಮೇಲಿಟ್ಟರು, ಕಣ್ಣನ್ನು ಮಣಿಕಟ್ಟಿನ ಮೇಲೆ.

ಎರಡು ದಿನ ನಾನು ತಡೆದೆ. ಮೂರನೆಯ ದಿನ ಶಾಲೆಗೆ ಹೊರಡುವಾಗ, ಕೇಳದವನಂತೆ ಕೇಳುತ್ತ ಕೈ ಚಾಚಿದೆ. "ಅದು ನಿನಗ ದೊಡ್ಡದಾಗತೈತಿ ಅಲ್ಲೇನು? ಮೊಣಕೈತನಾ ಜಾರತೈತಿ."

"ಹೌದ್ರಿ, ಜಾರತೈತಿ," ಎಂದಳು ಸುಶೀಲಾ, ಕುಬಸದ ತೋಳು ಜೋಡಿಸುತ್ತ.

ಆ ಸಂಜೆ ಶಾಲೆಯಿಂದ ಬಂದಾಗ ಆಕೆ ಪೇಟೆಗೆ ಹೋಗಿ ಬಂದಿದ್ದಳು. ವಾಚು ಕೈಯಲ್ಲಿ ಜಾರದೆ ನಿಂತಿತ್ತು. ಹುಸೇನಸಾಹೇಬರ ಅಂಗಡಿಯಲ್ಲಿ ಪಟ್ಟಿಗೆ ಹೊಸದೊಂದು ತೂತು ಹೊಡೆಸಿದ್ದಳು, ನನ್ನ ತೂತಿನಿಂದ ಎರಡು ಬೆರಳು ಒಳಗೆ.

ದಸರೆಯ ಹೊತ್ತಿಗೆ ಮಾಮಾ ಒಬ್ಬರೇ ಬಂದರು. ಕುಳಿತು, ನೀರು ಕುಡಿದು, ಮಳೆ ಬೆಳೆ ಎಲ್ಲ ಮಾತಾಡಿ, ರೊಕ್ಕದಿಂದ ಉಬ್ಬಿದ್ದ ಅಂಗಿಯ ಕಿಸೆಯನ್ನು ಒಮ್ಮೆ ಮುಟ್ಟಿಕೊಂಡು, "ಸುಶೀಲಾ, ಸ್ವಲ್ಪ ಕೊಡವಾ ಇಲ್ಲೆ, ಬರೇ ನೋಡತೀನಿ," ಎಂದರು. ಆಕೆ ಬಿಚ್ಚಿ ಕೊಟ್ಟಳು. ಮಾಮಾ ಕಿವಿಗೆ ಹಿಡಿದು ಬಹಳ ಹೊತ್ತು ಕೇಳಿದರು. ಆಮೇಲೆ ಪಟ್ಟಿಯನ್ನು ಬೆಳಕಿಗೆ ತಿರುಗಿಸಿದರು. ಹೊಸ ತೂತಿನ ಮೇಲೆ ಅವರ ಹೆಬ್ಬೆರಳು ನಿಂತಿತು. ನನ್ನ ಕಡೆ ನೋಡಿದರು, ನಾನು ನೆಲ ನೋಡಿದೆ. ಅವರು ವಾಚನ್ನು ತಮ್ಮ ಕೈಯಿಂದಲೇ ಆಕೆಯ ಕೈಗೆ ಕಟ್ಟಿ, ಬಕಲನ್ನು ಆ ಹೊಸ ತೂತಿಗೇ ಸರಿಯಾಗಿ ಸಿಕ್ಕಿಸಿದರು.

"ಚಹಾ ಆದ್ರೂ ಹಾಕವಾ," ಎಂದರು.